ಓಸಿ ಎಂದರೆ ಒಡೆತನವಲ್ಲ

'ಓಸಿ ಬಂದಿದೆ, ಇನ್ನು ಮನೆ ಕಾನೂನುಬದ್ಧವಾಗಿ ನಿಮ್ಮದೇ' ಎಂಬ ಸಾಲನ್ನು ಫ್ಲ್ಯಾಟ್ ಮಾರಾಟದ ಜಾಹೀರಾತೊಂದರಲ್ಲಿ ಮೊದಲ ಸಲ ಓದಿದಾಗ, ಬರೆದವರ ಅವಸರವೆಂದು ಸುಮ್ಮನಾಗಿದ್ದೆ. ಅದೇ ಮಾತು ಬೇರೆ ಬೇರೆ ಬಾಯಲ್ಲಿ ಮತ್ತೆ ಮತ್ತೆ ಕೇಳಿಬಂದು, ಕಡೆಗೆ ಚೆನ್ನಾಗಿ ಓದಿಕೊಂಡ ನೆಂಟರೊಬ್ಬರು ಓಸಿಯನ್ನು 'ಓನರ್‌ಶಿಪ್ ಸರ್ಟಿಫಿಕೇಟ್' ಎಂದೇ ಬಿಡಿಸಿ ಹೇಳಿದ ಮೇಲೆ ಸುಮ್ಮನಿರುವುದು ಕಷ್ಟವಾಯಿತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಪೂರ್ಣತಾ ಪ್ರಮಾಣಪತ್ರ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ (ಇದೇ ಓಸಿ) ತೋರಿಸಿದ ಮೇಲಷ್ಟೇ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಆದೇಶಿಸಿದಂದಿನಿಂದ ಈ ಎರಡಕ್ಷರ ಬೆಂಗಳೂರಿನ ಪ್ರತಿ ಮನೆಯ ಮಾತಾಗಿದೆ. ಬಳಕೆ ಹೆಚ್ಚಿದಷ್ಟೂ ಅರ್ಥ ಕದಡಿದೆ.

ಓಸಿ ಎಂಬುದು ಕನ್ನಡದಲ್ಲಿ ಕಡಿಮೆಯೆಂದರೂ ನಾಲ್ಕು ಬದುಕು ನಡೆಸುತ್ತಿದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳು 'ಇದು ಸಂಕ್ಷೇಪ' ಎಂದು ಕಣ್ಣಿಗೆ ತೋರಿಸಿಕೊಡುತ್ತವೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ, ಇದ್ದ ಚುಕ್ಕಿಗಳನ್ನೂ ಪತ್ರಿಕೆಗಳು ಬಿಟ್ಟುಬಿಟ್ಟಿವೆ. ಹೀಗಾಗಿ ಓಸಿ ಎಂದು ಬರೆದಾಗ ಅದು ಸಂಕ್ಷೇಪವೋ ಸ್ವತಂತ್ರ ಪದವೋ ಎಂಬುದನ್ನೂ ಓದುಗನೇ ಊಹಿಸಿಕೊಳ್ಳಬೇಕು.

ಸ್ವತಂತ್ರ ಪದವಾಗಿಬಿಟ್ಟಿರುವ ಓಸಿ ಯಾವುದೆಂದು ಹೇಳಬೇಕಿಲ್ಲ: ಓಸಿ ಊಟ, ಓಸಿ ಟಿಕೆಟ್, ಓಸಿ ಗಿರಾಕಿ. ಪುಕ್ಕಟೆ, ಬಿಟ್ಟಿ ಎಂಬ ಪದಗಳ ಪಕ್ಕದಲ್ಲಿ ಇದು ಯಾವ ಸಂಕೋಚವೂ ಇಲ್ಲದೆ ಕುಳಿತಿದೆ. ಓಸಿಯಲ್ಲಿ, ಓಸಿಗೆ ಎಂದು ವಿಭಕ್ತಿಯನ್ನೂ ಹಚ್ಚಿಕೊಂಡಿದೆ. ತಮಿಳಿನಲ್ಲೂ ಇದೇ ಅರ್ಥದ ಇದೇ ಪದವಿದೆ. ಇದರ ಮೂಲವನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಯ್ಯುವ ಕಥೆ ಎಲ್ಲರಿಗೂ ಪ್ರಿಯ. ಕಂಪನಿಯ ಕೆಲಸದ ಲಕೋಟೆಗಳ ಮೇಲೆ 'ಆನ್ ಕಂಪನೀಸ್ ಸರ್ವಿಸ್' ಎಂಬುದರ ಮೊದಲಕ್ಷರಗಳಾದ ಓ.ಸಿ.ಎಸ್. ಎಂದು ಬರೆಯುತ್ತಿದ್ದರಂತೆ, ಅವಕ್ಕೆ ಅಂಚೆಯ ವೆಚ್ಚ ಇರುತ್ತಿರಲಿಲ್ಲವಂತೆ, ಕಡೆಯ ಎಸ್ ಉದುರಿ ಓಸಿ ಉಳಿಯಿತಂತೆ. ಕಥೆ ಅಂದವಾಗಿದೆ, ಬ್ರಿಟಿಷರ ಕಾಲದ ಸರ್ಕಾರಿ ಲಕೋಟೆಯ ಮೇಲೆ ಓ.ಎಚ್.ಎಂ.ಎಸ್. ('ಆನ್ ಹಿಸ್ ಮೆಜೆಸ್ಟೀಸ್ ಸರ್ವಿಸ್') ಎಂಬ ಗುರುತನ್ನು ಕಂಡವರಿಗೆ ಸಲೀಸಾಗಿ ಒಪ್ಪಿಗೆಯೂ ಆಗುತ್ತದೆ. ಆದರೆ ಮೂಲ ಸಿಗದ ಪದಕ್ಕೆಲ್ಲ ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ ಅಂಟಿಸುವ ಚಟ ನಮ್ಮಲ್ಲಿ ಹೆಚ್ಚಾಗಿರುವುದರಿಂದ, ಇದನ್ನು ಕಥೆಯೆಂದೇ ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯ ಓಸಿಗೆ ಅಂಥ ಊಹೆಯ ಹಂಗಿಲ್ಲ. 'ಓಸಿ ಬರೆಯುತ್ತಿದ್ದವನ ಬಂಧನ' ಎಂಬ ಸುದ್ದಿಯಲ್ಲಿರುವುದು ಓಪನ್ ಮತ್ತು ಕ್ಲೋಸ್, ಅಂದರೆ ಮಟ್ಕಾ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಆರಂಭದ ದರ ಮತ್ತು ಮುಕ್ತಾಯದ ದರಗಳ ಮೇಲೆ ಪಣ ಕಟ್ಟುವುದರಿಂದ ಈ ಜೂಜು ಹುಟ್ಟಿತು. 1961ರಲ್ಲಿ ಆ ದರಗಳು ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವ, ಆಮೇಲೆ ಇಸ್ಪೀಟಿನ ಎಲೆ ಎತ್ತುವ ಪದ್ಧತಿ ಬಂದರೂ ಓಪನ್, ಕ್ಲೋಸ್ ಎಂಬ ಹೆಸರುಗಳು ಹಾಗೇ ಉಳಿದವು. ಮೂರು ಅಂಕಿಗಳನ್ನು ಕೂಡಿ ಮೊತ್ತದ ಕಡೆಯ ಅಂಕಿಯನ್ನು ಹಿಡಿಯುವುದು ಲೆಕ್ಕ: 5, 3, 6 ಬಂದರೆ ಮೊತ್ತ 14, ಓಪನ್ 4. ಹತ್ತಿಯ ದರ ಯಾರ ನೆನಪಿನಲ್ಲೂ ಇಲ್ಲದಿದ್ದರೂ ಅದರ ಮೊದಲಕ್ಷರಗಳು ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮಿನಡಿ ದಾಖಲಾಗುವ ಪ್ರಕರಣಗಳಲ್ಲಿ ಇಂದಿಗೂ ಜೀವಂತವಾಗಿವೆ.

ಆಂಧ್ರ, ತೆಲಂಗಾಣಗಳ ಕಾಲೇಜು ಅರ್ಜಿಯಲ್ಲಿ ಓಸಿ ಎಂದರೆ ಮೀಸಲಾತಿಗೆ ಒಳಪಡದ ವರ್ಗ. ಸೈನ್ಯದಲ್ಲಿ ತುಕಡಿಯ ಮುಖ್ಯಾಧಿಕಾರಿ. ಹೊರದೇಶದಲ್ಲಿರುವ ನಮ್ಮವರು 'ಓಸಿ ಕಾರ್ಡು' ಎನ್ನುವುದು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೆ, ಅದರಲ್ಲಿ ಒಂದಕ್ಷರ ನುಂಗಿದ್ದಾರೆ, ಅಷ್ಟೇ.

ಇನ್ನು ಮೂರನೆಯದು, ಮನೆಯ ಓಸಿ. ಇದರ ಪೂರ್ಣರೂಪ 'ಆಕ್ಯುಪೆನ್ಸಿ ಸರ್ಟಿಫಿಕೇಟ್', ಕನ್ನಡದಲ್ಲಿ ಸ್ವಾಧೀನಾನುಭವ ಪ್ರಮಾಣಪತ್ರ. ಕಟ್ಟಡವನ್ನು ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆ, ಅದರಲ್ಲಿ ಜನ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಹೇಳುವ ಮಾತಿದು. ಯಾರು ವಾಸಿಸಬೇಕು, ಮನೆ ಯಾರದು ಎಂಬ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಭೋಗ್ಯಕ್ಕೆ ಹಿಡಿದವರೂ ಬಾಡಿಗೆಯವರೂ ಇರುವುದು ಅದೇ ಓಸಿಯ ಬಲದ ಮೇಲೆಯೇ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯನ್ನು ಓದಿದರೆ ಈ ಭೇದ ಇನ್ನೂ ನಿಚ್ಚಳವಾಗುತ್ತದೆ: ಓಸಿ ಬಂದ 2 ತಿಂಗಳೊಳಗೆ ಖರೀದಿದಾರ ಮನೆಯನ್ನು ವಶಕ್ಕೆ ಪಡೆಯಬೇಕು, ಸ್ಥಳೀಯ ಕಾನೂನು ಬೇರೆ ಹೇಳದಿದ್ದರೆ 3 ತಿಂಗಳೊಳಗೆ ಬಿಲ್ಡರು ಕ್ರಯಪತ್ರ ಮಾಡಿಕೊಡಬೇಕು. ಓಸಿಯೇ ಒಡೆತನವಾಗಿದ್ದರೆ ಅದು ಬಂದ ಮೇಲೆ ಕ್ರಯಪತ್ರದ ಗೊಡವೆ ಏಕೆ ಬೇಕಿತ್ತು?

ಹಾಗಿದ್ದೂ ಈ ಗೊಂದಲಕ್ಕೆ ಜನರನ್ನಷ್ಟೇ ದೂರುವುದು ನ್ಯಾಯವಲ್ಲ. ಅನುವಾದದ ಪಾಲೂ ಇದರಲ್ಲಿದೆ. ಸ್ವಾಧೀನಾನುಭವ ಎಂಬುದು ಕಟ್ಟಡದ ಕಾನೂನಿನಲ್ಲಿ ಹುಟ್ಟಿದ ಪದವಲ್ಲ. ಅದು ಪತ್ರಬರಹಗಾರರ ಪದ. 'ಸದರಿ ಸ್ವತ್ತು ನಮ್ಮ ಹಕ್ಕು ಮತ್ತು ಸ್ವಾಧೀನಾನುಭವದಲ್ಲಿ ಇದ್ದು' ಎಂಬ ಸಾಲಿಲ್ಲದ ಕ್ರಯಪತ್ರವನ್ನು ನಾನಂತೂ ಕಂಡಿಲ್ಲ. ಅಲ್ಲಿ ಅದು ಒಡೆಯನ ಬಾಯಲ್ಲಿ ಬರುವ, 'ನನ್ನ ಕೈಯಲ್ಲಿದೆ, ನಾನೇ ಅನುಭವಿಸುತ್ತಿದ್ದೇನೆ' ಎಂಬ ಮಾತು. ಅಂಥ ಪದವನ್ನು ತಂದು, ಗೋಡೆ ಮೆಟ್ಟಿಲು ಅಳೆದು ನೋಡಿದ ಎಂಜಿನಿಯರು ಕೊಡುವ ಪತ್ರಕ್ಕೆ ಅಂಟಿಸಿದರೆ ಓದಿದವನಿಗೆ ಕ್ರಯಪತ್ರವೇ ನೆನಪಾಗುವುದು ಸಹಜ. ವಾಸಯೋಗ್ಯ ಪತ್ರ ಎಂದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ಹಟ.

ಇಷ್ಟಕ್ಕೇ ಮುಗಿಯುವುದಿಲ್ಲ. ಸಂಕ್ಷೇಪವನ್ನು ಪೂರ್ತಿ ಬಿಡಿಸಿ ಬರೆದರೆ ಗೊಂದಲ ತೀರುತ್ತದೆ ಎನ್ನುವವರಿಗೆ ಉತ್ತರವಾಗಿ ನಮ್ಮ ಹಳ್ಳಿಗಳಲ್ಲಿ ಇನ್ನೊಂದು 'ಆಕ್ಯುಪೆನ್ಸಿ' ಇದೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಗೆದ್ದರೆ ನಮೂನೆ 10ರಲ್ಲಿ ಪ್ರಮಾಣಪತ್ರ ಪಡೆದರು. ಅದು ಕೊಟ್ಟದ್ದೂ ಆಕ್ಯುಪೆನ್ಸಿಯನ್ನೇ, ಆದರೆ ಕಾಯ್ದೆಯ ಕನ್ನಡದಲ್ಲಿ ಅದಕ್ಕೆ ಅಧಿಭೋಗದ ಹಕ್ಕು ಎಂದು ಹೆಸರು. ನೆಲ ಉಳುತ್ತಿದ್ದವನ ಪಾಲಿಗೆ ಅದು ಒಡೆತನವೇ. 'ಉಳುವವನೇ ಹೊಲದೊಡೆಯ' ಎಂಬ ಮಾತು ಕಾಗದದಲ್ಲಿ ಇಳಿದದ್ದು ಆ ರೂಪದಲ್ಲಿ. ಅಪ್ಪ ಭೂನ್ಯಾಯ ಮಂಡಳಿಯಿಂದ ತಂದ ಕಾಗದವನ್ನು ಐವತ್ತು ವರ್ಷ ಟ್ರಂಕಿನಲ್ಲಿ ಕಾಪಾಡಿಕೊಂಡ ಮನೆಯ ಮಗ ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡು, ಆಕ್ಯುಪೆನ್ಸಿ ಸರ್ಟಿಫಿಕೇಟ್ ಸಿಕ್ಕಿತು, ಇನ್ನು ಭಯವಿಲ್ಲ ಎಂದುಕೊಂಡರೆ ಅವನ ತರ್ಕದಲ್ಲಿ ತಪ್ಪಿಲ್ಲ. ಇಂಗ್ಲಿಷ್ ಪದ ಒಂದೇ, ಲ್ಯಾಟಿನ್ ಮೂಲವೂ ಒಂದೇ: 'ಆಕ್ಯುಪಾರೆ', ಹಿಡಿದುಕೊಳ್ಳುವುದು. ಹೊಲದ ಕಾಯ್ದೆ ಹಿಡಿದುಕೊಂಡವನ ಹಕ್ಕನ್ನು ನೋಡಿತು, ಕಟ್ಟಡದ ಕಾಯ್ದೆ ಹಿಡಿದುಕೊಳ್ಳಬಹುದಾದ ಗೋಡೆಗಳನ್ನು ನೋಡಿತು. ಇಲ್ಲಿ ಮಾತ್ರ ಕನ್ನಡವೇ ಜಾಣತನ ತೋರಿ ಒಂದಕ್ಕೆ ಅಧಿಭೋಗ, ಇನ್ನೊಂದಕ್ಕೆ ಸ್ವಾಧೀನಾನುಭವ ಎಂದು ಬೇರೆ ಬೇರೆ ಹೆಸರಿಟ್ಟಿದೆ. ನಾವು ಎರಡನ್ನೂ ಬಿಟ್ಟು ಓಸಿಗೆ ಜೋತುಬಿದ್ದಿದ್ದೇವೆ.

ಓಸಿಯ ಜೋಡಿಯಾದ ಸಿಸಿಯ ಪಾಡು ಬೇರೆಯದೇ ಲೇಖನ ಬೇಡುವಂಥದ್ದು. ಒಂದೇ ಕಟ್ಟಡದ ಕಡತದಲ್ಲಿ ಅದು ಕೆಲಸ ಶುರುಮಾಡಲು ಕೊಡುವ 'ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್' ಪತ್ರಕ್ಕೂ ಹೆಸರು, ಕೆಲಸ ಮುಗಿದಿದೆ ಎನ್ನುವ 'ಕಂಪ್ಲೀಷನ್ ಸರ್ಟಿಫಿಕೇಟ್' ಪತ್ರಕ್ಕೂ ಹೆಸರು. 'ಸಿಸಿ ಇದೆ' ಎಂದು ಬಿಲ್ಡರು ಹೇಳಿದಾಗ ಯಾವ ಸಿಸಿ ಎಂದು ಕೇಳದವರು ಪಾಯದ ಹಂತದ ಕಾಗದವನ್ನು ಗೃಹಪ್ರವೇಶದ ಕಾಗದವೆಂದು ನಂಬಿ ಮರಳುತ್ತಾರೆ.

ನಾಲ್ಕನೆಯ ಓಸಿ ಕಚೇರಿಯೊಳಗಿನದು, ಹೊರಗಿನವರಿಗೆ ಸಾಮಾನ್ಯವಾಗಿ ಕಾಣದು. ಹೊರಗೆ ಕಳಿಸಿದ ಪತ್ರದ ಒಂದು ಪ್ರತಿಯನ್ನು ಕಡತದಲ್ಲಿ ಉಳಿಸಿಕೊಂಡು ಅದರ ಮೂಲೆಯಲ್ಲಿ ಓ/ಸಿ ಎಂದು ಗೀಚುವುದು ಗುಮಾಸ್ತರ ರೂಢಿ. 'ಆಫೀಸ್ ಕಾಪಿ', ಅಂದರೆ ಕಚೇರಿ ಪ್ರತಿ. ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ಅಪಾರ್ಟ್‌ಮೆಂಟಿನ ಕಡತದ ನಕಲನ್ನು ಮಾಹಿತಿ ಹಕ್ಕಿನಡಿ ತರಿಸಿಕೊಂಡು ನನಗೆ ತೋರಿಸಲು ತಂದಿದ್ದರು. ಒಂದು ಹಾಳೆಯ ಮೇಲುತುದಿಯನ್ನು ಬೆರಳಿನಿಂದ ತಟ್ಟಿ, "ನೋಡಿ, ಓಸಿ ಅಂತ ಬರೆದೇ ಇದೆ, ಕೆಳಗೆ ಸಹಿಯೂ ಇದೆ, ಬಿಲ್ಡರು ನಮಗೆ ಕೊಡ್ತಾ ಇಲ್ಲ ಅಷ್ಟೇ" ಎಂದರು. ನಾನು ಹಾಳೆಯನ್ನು ಪೂರ್ತಿ ಓದಿದೆ. ನಕ್ಷೆಯಲ್ಲಿಲ್ಲದ ಒಂದು ಮಹಡಿ ಎದ್ದಿರುವುದರಿಂದ ಸ್ವಾಧೀನಾನುಭವ ಪ್ರಮಾಣಪತ್ರದ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ಬಿಲ್ಡರಿಗೆ ಬರೆದ ಪತ್ರದ ಕಚೇರಿ ಪ್ರತಿ ಅದು.