ಕಕ್ಕಬ್ಬೆಯ ಹೋಂಸ್ಟೇ ಗೂಗಲ್‌ನಲ್ಲಿ ಯಾಕೆ ಸಿಗುತ್ತಿರಲಿಲ್ಲ?

ಕಳೆದ ಮಳೆಗಾಲದಲ್ಲಿ ಕೊಡಗಿನ ಕಕ್ಕಬ್ಬೆ ಕಡೆಯ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಮಡಿಕೇರಿಯ ನನ್ನ ಕಚೇರಿಗೆ ಬಂದರು. ಕೈಯಲ್ಲಿ ಆರು ತಿಂಗಳ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ವೆಬ್‌ಸೈಟನ್ನು ಮೇಲೆ ತರುವ ಕೆಲಸದ, ಪ್ಯಾಕೇಜಿನ ಬಿಲ್ಲು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎಂದಿತ್ತು. “ಮೊದಲ ಸ್ಥಾನ ಬಂದದ್ದು ಹೌದು, ಆದರೆ ಫೋನು ಒಂದೂ ಬರಲಿಲ್ಲವಲ್ಲ” ಅಂದರು.

ಹುಡುಕಿ ನೋಡಿದೆ. ಅವರ ಹೋಂಸ್ಟೇಯ ಹೆಸರನ್ನೇ ಟೈಪ್ ಮಾಡಿದಾಗ ಮಾತ್ರ ಅದು ಮೊದಲು ಬರುತ್ತಿತ್ತು. ಆ ಹೆಸರು ಗೊತ್ತಿರುವವರು ಒಮ್ಮೆ ಬಂದು ಉಳಿದು ಹೋದವರು. ಅವರ ಬಳಿ ಅಕ್ಕನ ನಂಬರೇ ಇರುತ್ತದೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಹುಡುಕುವವರು ಎಲ್ಲಿದ್ದಾರೆ, ಯಾವ ಭಾಷೆಯಲ್ಲಿ ಹುಡುಕುತ್ತಾರೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಹಾಗಿರುವಾಗ ಯಾವ ಪದಕ್ಕೆ, ಯಾವ ಊರಿನಲ್ಲಿ ಮೊದಲ ಸ್ಥಾನ ಎಂದು ಕೇಳದೆ ಹಣ ಕೊಡಬೇಡಿ.

ಅಕ್ಕನ ವೆಬ್‌ಸೈಟಿನ ತಳದಲ್ಲಿ ಆ ಪ್ಯಾಕೇಜಿನವರು ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಕೂರ್ಗ್ ಹೋಂಸ್ಟೇ, ಮಡಿಕೇರಿ ಹೋಂಸ್ಟೇ, ವಿರಾಜಪೇಟೆ ಹೋಂಸ್ಟೇ’ ಎಂದು ಸಾಲುಸಾಲಾಗಿ ತುಂಬಿಸಿದ್ದರು. ಕೀವರ್ಡ್, ಅಂದರೆ ಜನ ಹುಡುಕುವ ಪದ, ಹೆಚ್ಚಿದಷ್ಟೂ ಮೇಲೆ ಬರುತ್ತೇವೆ ಎಂಬ ನಂಬಿಕೆ ಇನ್ನೂ ಸತ್ತಿಲ್ಲ. ಪುಟದ ಕೋಡಿನಲ್ಲಿ ಬರೆಯುವ ಕೀವರ್ಡ್ ಟ್ಯಾಗನ್ನು ಶ್ರೇಯಾಂಕಕ್ಕೆ ಲೆಕ್ಕಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತ್ತು. ಕಣ್ಣಿಗೆ ಕಾಣದಂತೆ ಪದ ತುಂಬಿಸುವುದಂತೂ ಅದರ ಸ್ಪ್ಯಾಮ್ ನಿಯಮಕ್ಕೇ ವಿರುದ್ಧ. ಸಿಕ್ಕಿಬಿದ್ದರೆ ವೆಬ್‌ಸೈಟ್ ಹುಡುಕಾಟದಿಂದಲೇ ಮಾಯವಾಗಬಹುದು. ಕೂರ್ಗ್, ಕೊಡಗು ಎರಡನ್ನೂ ಹತ್ತತ್ತು ಸಲ ಬರೆಯಬೇಕಿಲ್ಲ. ಹೊರಗಿನ ಪ್ರವಾಸಿಗರು ಹೆಚ್ಚಾಗಿ ಕೂರ್ಗ್ ಎಂದೇ ಹುಡುಕುವುದರಿಂದ ಶೀರ್ಷಿಕೆಯಲ್ಲಿ ಒಮ್ಮೆ ಆ ಹೆಸರಿರಲಿ, ಸಾಕು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇನ್ನೊಂದಕ್ಕೆ. ‘ದುಬಾರೆ ಸಮೀಪದ ಹೋಂಸ್ಟೇ’, ‘ಮಾಂದಲಪಟ್ಟಿ ಸಮೀಪದ ಹೋಂಸ್ಟೇ’ ಎಂದು ಊರಿನ ಹೆಸರಷ್ಟೇ ಬದಲಿಸಿ ಒಂದೇ ಬರಹದ ಹನ್ನೆರಡು ಪುಟ ಮಾಡಿಟ್ಟಿದ್ದರು. ದುಬಾರೆ ಇರುವುದು ಕುಶಾಲನಗರದ ಕಡೆ, ಕಕ್ಕಬ್ಬೆಯಿಂದ ದೂರ. ಅದನ್ನು ನಂಬಿ ಮಕ್ಕಳನ್ನು ಕಟ್ಟಿಕೊಂಡು ಬಂದ ಕುಟುಂಬ ಘಟ್ಟದ ತಿರುವುಗಳಲ್ಲಿ ಅರ್ಧ ದಿನ ಕಳೆದು, ರಾತ್ರಿ ಬಾಗಿಲಲ್ಲಿ ನಿಂತು ಬೈಯುವುದು ಅಕ್ಕನಿಗೆ.

ಇಷ್ಟೆಲ್ಲ ಇದ್ದ ವೆಬ್‌ಸೈಟಿನಲ್ಲಿ ಬೇಕಾದದ್ದು ಮಾತ್ರ ಇರಲಿಲ್ಲ. ದರ, ಊಟ, ಫೋನ್ ನಂಬರ್ ಎಲ್ಲವನ್ನೂ ಒಂದು ಪೋಸ್ಟರಿನಲ್ಲಿ ಚಿತ್ರವಾಗಿ ಹಾಕಿದ್ದರು. ಮನುಷ್ಯರು ಅದನ್ನು ಓದಬಹುದು, ಆದರೆ ಪುಟದಲ್ಲಿ ಅಕ್ಷರವಾಗಿ ಬರೆದದ್ದರಷ್ಟು ಸಲೀಸಾಗಿ ಹುಡುಕಾಟಕ್ಕೆ ದಕ್ಕುವುದಿಲ್ಲ. ಆ ಬಿಲ್ಲಿನ ಹಿಂಬದಿಯಲ್ಲೇ, ಅತಿಥಿಗಳು ಫೋನಿನಲ್ಲಿ ಕೇಳುವುದನ್ನೆಲ್ಲ ಬರೆಯಿರಿ ಎಂದೆ. ಸಣ್ಣ ಕಾರು ಮನೆತನಕ ಬರ್ತದಾ? ಕರೆಂಟ್ ಹೋದರೆ ಜನರೇಟರ್ ಉಂಟಾ? ಯಾವ ಸಿಮ್ಮಿಗೆ ಸಿಗ್ನಲ್ ಸಿಗ್ತದೆ? ಮಳೆಯಲ್ಲಿ ಜಿಗಣೆ ಎಷ್ಟು? ಹಂದಿ ತಿನ್ನದವರಿಗೆ ಏನು ಮಾಡಿಕೊಡ್ತೀರಿ? ತಡಿಯಂಡಮೋಳ್ ಬೆಟ್ಟ ಹತ್ತಲು ನಾಲ್ಕುನಾಡು ಅರಮನೆತನಕ ಜೀಪು ಸಿಗ್ತದಾ? ಬಿಲ್ಲು ತುಂಬಿಹೋಯಿತು. ಹನ್ನೆರಡು ಪುಟ ಅಳಿಸಿ, ಆ ಪ್ರಶ್ನೆಗಳಿಗೆ ಅಕ್ಕ ಹೇಳಿದ ಉತ್ತರಗಳನ್ನೇ ಒಂದು ಪುಟವಾಗಿ ಬರೆದೆವು. ಅದನ್ನೇ ಕನ್ನಡದಲ್ಲೂ ಹಾಕೋಣ ಎಂದಾಗ ಅವರಿಗೆ ಅಳುಕು. ಕನ್ನಡದ ಪುಟ ಇಂಗ್ಲಿಷ್ ಪುಟವನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಯಾರೋ ಹೆದರಿಸಿದ್ದರು. ಹಾಗೇನೂ ಇಲ್ಲ. ಎರಡೂ ಒಂದೇ ವಿಷಯದ ಬೇರೆ ಭಾಷೆಯ ಪುಟಗಳು ಎಂದು ಕೋಡಿನಲ್ಲಿ ಸೂಚಿಸಿದರೆ ಅವರವರ ಭಾಷೆಯ ಪುಟ ಅವರವರಿಗೆ ಸಿಗುತ್ತದೆ.

ಗೂಗಲ್‌ಗೆ ಜಾಹೀರಾತು ಕೊಟ್ಟರೆ ಸಾಮಾನ್ಯ ಫಲಿತಾಂಶದಲ್ಲೂ ಮೇಲೇರುತ್ತೇವೆ ಎಂಬುದೂ ಸುಳ್ಳು; ಎರಡಕ್ಕೂ ಸಂಬಂಧವಿಲ್ಲ. ಗೂಗಲ್ ಮ್ಯಾಪಿನ ಲೆಕ್ಕವೇ ಬೇರೆ. ಅಲ್ಲಿ ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ನೀವು ಎಷ್ಟು ಪರಿಚಿತರು ಎಂಬ ಮೂರನ್ನು ಮುಖ್ಯವಾಗಿ ನೋಡುತ್ತಾರೆ. ಮ್ಯಾಪಿನಲ್ಲಿ ಅಕ್ಕನ ಮನೆ ತೋರಿಸುವ ಪಿನ್ನು ಪಕ್ಕದ ತೋಟದ ಕಾಫಿ ಕಣದಲ್ಲಿತ್ತು, ಸರಿಪಡಿಸಿದೆವು. ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದು ನಿಯಮಬಾಹಿರ, ಅದಕ್ಕೆ ಕೈಹಾಕಬೇಡಿ.

ತಿದ್ದಿದ ಮರುದಿನವೇ ಫಲ ಕೇಳುವವರೂ ಇದ್ದಾರೆ. ಕೆಲವು ಬದಲಾವಣೆ ಗಂಟೆಗಳಲ್ಲಿ ಕಾಣುತ್ತದೆ, ಕೆಲವಕ್ಕೆ ತಿಂಗಳುಗಳೇ ಬೇಕು. ಡಿಸೆಂಬರಿನ ಕೋಣೆ ತುಂಬಬೇಕಾದರೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲೇ ಪುಟ ಸಿದ್ಧವಿರಲಿ, ವರ್ಷದ ಕೊನೆಗೆ ಬರುವ ಪುತ್ತರಿ ಹಬ್ಬ ಕಳೆದ ಮೇಲೆ ಓಡಿ ಬಂದರೆ ನನ್ನಿಂದ ಆಗುವುದು ಕಡಿಮೆ. ಜನ ಏನು ಟೈಪ್ ಮಾಡಿ ನಿಮ್ಮಲ್ಲಿಗೆ ಬಂದರು ಎಂದು ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತವಾಗಿ ತೋರಿಸುತ್ತದೆ. ಅದನ್ನು ನೋಡಲು ಮಧ್ಯವರ್ತಿ ಬೇಡ.

ಅಕ್ಕ ಈಗ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾರೆ. ಹೋದ ವಾರ ವಾಟ್ಸಾಪ್‌ನಲ್ಲಿ ಅದರ ಒಂದು ಸಾಲು ಕಳಿಸಿದರು: ‘ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಎಷ್ಟಿದೆ ಅಂತ ಮೂರು ಜನ ಕೇಳಿದರು. ಎಂಟು ಮೆಟ್ಟಿಲು, ಹಿಡಿಯಲು ಕಂಬಿ ಉಂಟು ಅಂತ ಪುಟಕ್ಕೆ ಸೇರಿಸಿ.’ ಸೇರಿಸಿದೆ.