ವಕೀಲರು ಮಾಡದೇ ಬಿಟ್ಟ ಕೆಲಸಕ್ಕೆ ಸಾಕ್ಷಿ ಎಲ್ಲಿ?

‘ನನ್ನ ವಕೀಲರು ಸರಿಯಾಗಿ ಕೇಸು ನಡೆಸಲಿಲ್ಲ, ಅದಕ್ಕೇ ನನಗೆ ಶಿಕ್ಷೆಯಾಯಿತು.’ ಅಮೆರಿಕದ ಜೈಲುಗಳಿಂದ ಕೋರ್ಟಿಗೆ ಹೋಗುವ ಅರ್ಜಿಗಳಲ್ಲಿ ಈ ಮಾತು ತುಂಬಾ ಸಾಮಾನ್ಯ. ಆದರೆ ಹೀಗೆ ಹೇಳಿ ಗೆದ್ದವರು ಕಡಿಮೆ. ಯಾಕೆ ಅಂತ ತಿಳಿಯಲು 1931ಕ್ಕೆ ಹೋಗಬೇಕು.

ಆ ವರ್ಷದ ಮಾರ್ಚ್‌ನಲ್ಲಿ ಅಲಬಾಮಾ ರಾಜ್ಯದಲ್ಲಿ ಗೂಡ್ಸ್ ರೈಲೊಂದನ್ನು ತಡೆದು ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಇಬ್ಬರು ಬಿಳಿ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು ಎಂಬ ಆರೋಪ ಹೊರಿಸಿದರು. ಆ ಇಬ್ಬರಲ್ಲಿ ಒಬ್ಬಳು, ಅದು ಸುಳ್ಳು ಅಂತ ಮುಂದೆ ಕೋರ್ಟಿನಲ್ಲೇ ಹೇಳಿದಳು. ಆದರೆ ಆಗ ಅದನ್ನು ಯಾರು ಕೇಳಬೇಕು? ಎರಡು ವಾರ ಕಳೆಯುವುದರೊಳಗೆ ಸ್ಕಾಟ್ಸ್‌ಬರೋ ಊರಿನಲ್ಲಿ ವಿಚಾರಣೆ ಶುರುವಾಯಿತು. ಕೋರ್ಟಿನ ಹೊರಗೆ ಸಿಟ್ಟಾದ ಜನ, ಬಂದೂಕು ಹಿಡಿದ ಸೈನಿಕರು. ಹುಡುಗರ ಪರ ನಿಂತವರು ಇಬ್ಬರು ವಕೀಲರು. ಒಬ್ಬರು ಪಕ್ಕದ ರಾಜ್ಯದವರು, ಆಸ್ತಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು. ಇನ್ನೊಬ್ಬರು ವಯಸ್ಸಾದ ಸ್ಥಳೀಯರು. ಇಬ್ಬರಿಗೂ ತಯಾರಿಗೆ ಸಮಯವೇ ಸಿಗಲಿಲ್ಲ. ಎಂಟು ಹುಡುಗರಿಗೆ ಮರಣದಂಡನೆಯಾಯಿತು.

1932ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ವಕೀಲ ಅಂತ ಹೆಸರಿಗೊಬ್ಬರು ಇದ್ದರೆ ಸಾಲದು, ಅವರಿಂದ ಆರೋಪಿಗೆ ನಿಜವಾದ ನೆರವು ಸಿಗಬೇಕು ಅಂದಿತು. ಈ ಇಡೀ ಕಥೆಯ ಬೀಜ ಇರುವುದು ಇಲ್ಲೇ.

1963ರಲ್ಲಿ ಇನ್ನೊಂದು ಹೆಜ್ಜೆ. ಫ್ಲೋರಿಡಾದ ಕ್ಲಾರೆನ್ಸ್ ಗಿಡಿಯನ್ ಜೈಲಿನಿಂದ ಪೆನ್ಸಿಲ್‌ನಲ್ಲಿ ಅರ್ಜಿ ಬರೆದಿದ್ದ. ಗಂಭೀರ ಅಪರಾಧದ ಆರೋಪ ಇರುವ ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ ತೀರ್ಪು ಬಂತು. ಮರುವಿಚಾರಣೆಯಲ್ಲಿ ಗಿಡಿಯನ್ ಪರ ಒಳ್ಳೆಯ ವಕೀಲರಿದ್ದರು. ಆತ ಬಿಡುಗಡೆಯಾದ. ವಕೀಲರ ಕೆಲಸದಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ತೋರಿಸಲು ಇದಕ್ಕಿಂತ ಉದಾಹರಣೆ ಬೇಕಾ?

ಆದರೆ ಕೊಟ್ಟ ವಕೀಲರೇ ಕೆಲಸ ಮಾಡದಿದ್ದರೆ? ಇದಕ್ಕೆ ಉತ್ತರ ಬಂದಿದ್ದು 1984ರ ಮೇ ತಿಂಗಳಲ್ಲಿ, ಸ್ಟ್ರಿಕ್‌ಲ್ಯಾಂಡ್ ತೀರ್ಪಿನಲ್ಲಿ. ಡೇವಿಡ್ ವಾಷಿಂಗ್ಟನ್ ಎಂಬಾತ ಮೂರು ಕೊಲೆಗಳನ್ನು ಒಪ್ಪಿಕೊಂಡಿದ್ದ. ಶಿಕ್ಷೆ ನಿರ್ಧರಿಸುವಾಗ ಆತನ ವಕೀಲರು ಮನೋವೈದ್ಯರ ವರದಿ ತರಿಸಿರಲಿಲ್ಲ, ಆತನ ಪರ ಮಾತನಾಡುವ ಸಾಕ್ಷಿಗಳನ್ನೂ ಕರೆಸಿರಲಿಲ್ಲ. ಕೋರ್ಟು ಎರಡು ಪ್ರಶ್ನೆ ಇಟ್ಟಿತು. ವಕೀಲರ ಕೆಲಸ ಯಾವ ಸಮರ್ಥ ವಕೀಲರೂ ಒಪ್ಪದಷ್ಟು ಕೆಟ್ಟದಾಗಿತ್ತೇ? ಹಾಗಾಗದಿದ್ದರೆ ಫಲಿತಾಂಶವೇ ಬೇರೆಯಾಗುವ ಸಾಧ್ಯತೆ ಇತ್ತೇ? ಎರಡನ್ನೂ ಸಾಬೀತು ಮಾಡಬೇಕಾದವನು ಕೈದಿಯೇ. ವಕೀಲರು ಏನೋ ಯೋಚಿಸಿಯೇ ಹಾಗೆ ಮಾಡಿರುತ್ತಾರೆ ಅಂತ ನ್ಯಾಯಾಧೀಶರು ಮೊದಲೇ ನಂಬಿಕೊಂಡು ನೋಡಬೇಕು. ವಾಷಿಂಗ್ಟನ್ ಸೋತ. ಜುಲೈನಲ್ಲಿ ಆತನಿಗೆ ಮರಣದಂಡನೆ ಜಾರಿಯಾಯಿತು.

ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದನ್ನು ಒಪ್ಪಲಿಲ್ಲ. ದಕ್ಷಿಣದ ಕೋರ್ಟುಗಳಲ್ಲಿ ಬಡ ಕಪ್ಪು ಆರೋಪಿಗಳ ಪರ ವಾದಿಸಿ ಬಂದವರು ಅವರು. ಅವರ ತಕರಾರು ನನಗೆ ಬಹಳ ಸರಿ ಅನ್ನಿಸುತ್ತದೆ. ಕೇಸು ಗಟ್ಟಿಯಾಗಿ ಕಾಣುವುದೇ ಎಷ್ಟೋ ಸಲ ವಕೀಲರ ತಪ್ಪಿನಿಂದ. ಕೇಳದ ಪಾಟೀಸವಾಲು, ಹುಡುಕದ ಸಾಕ್ಷಿ ಕೋರ್ಟಿನ ಕಡತದಲ್ಲಿ ಇರುವುದಿಲ್ಲ. ಇಲ್ಲದ್ದನ್ನು ಇಟ್ಟುಕೊಂಡು ಫಲಿತಾಂಶ ಬದಲಾಗುತ್ತಿತ್ತು ಅಂತ ತೋರಿಸುವುದು ಹೇಗೆ?

ಅದೇ 1984ರಲ್ಲಿ ಟೆಕ್ಸಾಸ್‌ನ ಒಬ್ಬ ಆರೋಪಿಗೆ ಮರಣದಂಡನೆಯಾಗಿತ್ತು. ವಿಚಾರಣೆ ನಡೆಯುವಾಗ ಆತನ ವಕೀಲರು ಮತ್ತೆ ಮತ್ತೆ ನಿದ್ದೆ ಹೋಗಿದ್ದರು. ಮುಖ್ಯವಾದ ಹೊತ್ತಿನಲ್ಲೇ ಮಲಗಿದ್ದರು ಅನ್ನಲು ದಾಖಲೆ ಇಲ್ಲ ಅಂತ 2000ದಲ್ಲಿ ಮೇಲಿನ ಕೋರ್ಟಿನ ಒಂದು ಪೀಠ ಹೇಳಿತು! ಮರುವರ್ಷ ಅದೇ ಕೋರ್ಟಿನ ಪೂರ್ಣ ಪೀಠ ಕೂತು ಅದನ್ನು ಬದಲಿಸಿತು. ಮಲಗಿದ ವಕೀಲ ಇದ್ದರೂ ಇಲ್ಲದ ಹಾಗೇ ಅಲ್ವಾ?

2010ರ ಪಡಿಲ್ಲಾ ತೀರ್ಪು ಅಲ್ಲಿರುವ ನಮ್ಮವರಿಗೂ ಗೊತ್ತಿರಬೇಕಾದದ್ದು. ಹೊಂಡುರಾಸ್‌ನಲ್ಲಿ ಹುಟ್ಟಿ, 40 ವರ್ಷಕ್ಕಿಂತ ಜಾಸ್ತಿ ಅಮೆರಿಕದಲ್ಲಿ ಇದ್ದವನಿಗೆ ಆತನ ವಕೀಲರು ‘ತಪ್ಪೊಪ್ಪಿಕೋ, ಗಡೀಪಾರಿನ ಚಿಂತೆ ಇಲ್ಲ’ ಎಂಬ ಅರ್ಥದ ಸಲಹೆ ಕೊಟ್ಟಿದ್ದರು. ಅದು ಶುದ್ಧ ತಪ್ಪು. ತಪ್ಪೊಪ್ಪಿಕೊಂಡರೆ ದೇಶ ಬಿಡಬೇಕಾಗಬಹುದು ಅಂತ ತಿಳಿಸುವುದು ವಕೀಲರ ಹೊಣೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಗ್ರೀನ್ ಕಾರ್ಡ್ ಇಟ್ಟುಕೊಂಡ ಅಥವಾ ಕೆಲಸದ ವೀಸಾದ ಮೇಲೆ ಇರುವ ಕನ್ನಡಿಗರಿಗೂ ಈ ಹಕ್ಕು ಇದೆ.

ಇನ್ನೊಂದು ಕಷ್ಟ ದಾರಿಯದ್ದೇ. ಮಾಮೂಲಿ ಅಪೀಲಿನಲ್ಲಿ ಹಳೆಯ ಕಡತ ಮಾತ್ರ ನೋಡುತ್ತಾರೆ. ಹಾಗಾಗಿ ಈ ದೂರನ್ನು ಹೆಚ್ಚಾಗಿ ಆಮೇಲೆ, ಬೇರೆ ಅರ್ಜಿಯಲ್ಲಿ ತರಬೇಕು. ಆ ಹಂತದಲ್ಲಿ ಸರ್ಕಾರ ವಕೀಲರನ್ನು ಕೊಡಲೇಬೇಕು ಎಂಬ ಸಂವಿಧಾನದ ಹಕ್ಕಿಲ್ಲ. ಹಳೆಯ ವಕೀಲರು ಕೆಟ್ಟದಾಗಿ ಕೆಲಸ ಮಾಡಿದರು ಅಂತ ತೋರಿಸುವ ಕೆಲಸ ಎಷ್ಟೋ ಸಲ ಕೈದಿಯ ಒಬ್ಬನ ತಲೆಯ ಮೇಲೇ ಬೀಳುತ್ತದೆ.

ಅರಿಜೋನಾದಲ್ಲಿ 1995ರಲ್ಲಿ ಮಗುವಿನ ಕೊಲೆಯ ಕೇಸಿನಲ್ಲಿ ಮರಣದಂಡನೆಯಾದವನ ಕಥೆ ಇದೇ. ಮಗುವಿಗೆ ಗಾಯ ಆಗಿದ್ದು ಯಾವಾಗ ಎಂಬುದನ್ನು ಮೊದಲ ವಕೀಲರು ವೈದ್ಯರಿಂದ ಸರಿಯಾಗಿ ಪರೀಕ್ಷೆ ಮಾಡಿಸಿರಲಿಲ್ಲ. ಆ ತಪ್ಪನ್ನು ಮುಂದಿನ ವಕೀಲರೂ ಎತ್ತಲಿಲ್ಲ. 2018ರಲ್ಲಿ ಫೆಡರಲ್ (ಕೇಂದ್ರದ) ಕೋರ್ಟು ಹೊಸ ಸಾಕ್ಷ್ಯ ನೋಡಿ ಶಿಕ್ಷೆ ರದ್ದು ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್, ರಾಜ್ಯದ ಕೋರ್ಟಿನಲ್ಲಿ ಮೊದಲೇ ತರದ ಆ ಸಾಕ್ಷ್ಯವನ್ನು ಫೆಡರಲ್ ಕೋರ್ಟು ನೋಡುವ ಹಾಗೇ ಇಲ್ಲ ಅಂದಿತು. ಎರಡನೇ ವಕೀಲರ ಲೋಪವೂ ಕೈದಿಯ ಲೆಕ್ಕಕ್ಕೇ ಬಂತು. 2023ರ ಜೂನ್‌ನಲ್ಲಿ ರಾಜ್ಯದ ಜೊತೆ ಒಪ್ಪಂದವಾಯಿತು. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯದ ತಪ್ಪನ್ನು ಒಪ್ಪಿಕೊಂಡು, ಬಂಧನವಾಗಿ ಸುಮಾರು 29 ವರ್ಷದ ನಂತರ ಆತ ಹೊರಗೆ ಬಂದ.