ಗಣಿಯ ಮಣ್ಣಿನ ಗುಡ್ಡ ಮಳೆಗಾಲದಲ್ಲಿ ನಿಲ್ಲುತ್ತದಾ?

ಪ್ರಶ್ನೆ: ನಮ್ಮ ಮನೆಯ ಹುಡುಗ ಕಲ್ಲಿದ್ದಲು ಗಣಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಅಗೆದ ಮಣ್ಣು, ಕಲ್ಲನ್ನು ಗುಡ್ಡದಷ್ಟು ಎತ್ತರ ಪೇರಿಸುತ್ತಾರಂತೆ. ಶಿರೂರಲ್ಲಿ ದೇವರು ಇಟ್ಟ ಗುಡ್ಡವೇ ಜಾರಿತು. ಮನುಷ್ಯ ಸುರಿದದ್ದು ನಿಲ್ಲುತ್ತದಾ? – ಅಂಕೋಲಾದ ಓದುಗರೊಬ್ಬರು

ನಿಲ್ಲುತ್ತದೆ. ಆದರೆ ನೀರಿಗೆ ದಾರಿ ಮಾಡಿಕೊಟ್ಟಿರಬೇಕು.

2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಬಂದು ಗಂಗಾವಳಿ ನದಿಗೆ ಇಳಿಯಿತು. ಅದು ಜಡಿಮಳೆಯ ಹೊತ್ತು. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುತ್ತವೆ. ನಡುವಿನ ಸಂದಿಯಲ್ಲಿ ನೀರು ತುಂಬಿದರೆ ಆ ಹಿಡಿತ ಸಡಿಲವಾಗುತ್ತದೆ. ಗಣಿಯ ರಾಶಿ ಹೊಸದು, ಪೊಳ್ಳು ಜಾಸ್ತಿ. ಹಾಗಾಗಿ ಅಲ್ಲಿ ಈ ಭಯವೂ ಜಾಸ್ತಿ.

ವೇಲ್ಸ್ ದೇಶದ ಅಬರ್‌ಫಾನ್ ಎಂಬ ಊರಿನಲ್ಲಿ ಕಲ್ಲಿದ್ದಲು ಗಣಿಯ ಕಸವನ್ನು ಬೆಟ್ಟದ ಒರತೆಯ ಮೇಲೇ ಸುರಿದಿದ್ದರು. ಆ ಒರತೆ ನಕ್ಷೆಯಲ್ಲೂ ಇತ್ತು, ಊರವರಿಗೂ ಗೊತ್ತಿತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಏಳನೇ ನಂಬರಿನ ರಾಶಿ ಕೆಸರಾಗಿ ಹರಿದು ಶಾಲೆಗೆ ನುಗ್ಗಿತು. 144 ಜನ ಸತ್ತರು. ಅವರಲ್ಲಿ 116 ಮಂದಿ ಮಕ್ಕಳು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಹಿಂಡಿದಂತಾಗುತ್ತದೆ. ಬೇರೆ ಜಾಗದಲ್ಲಿ ಸುರಿದಿದ್ದರೆ ಆ ಮಕ್ಕಳು ಸಂಜೆ ಮನೆಗೆ ಹೋಗುತ್ತಿದ್ದರು, ಅಲ್ವಾ?

ಅದಕ್ಕೇ ಮೊದಲ ಲಾರಿ ಬರುವ ಮುಂಚೆ ಅಡಿ ನೆಲವನ್ನು ನೋಡಬೇಕು. ಒರತೆ, ಹಳ್ಳ, ಜೌಗು ಇದ್ದರೆ ಆ ಜಾಗ ಬೇಡ. ಮೇಲಿನ ಮೆತ್ತನೆ ಮಣ್ಣನ್ನು ಕೆರೆದು ಬೇರೆ ಇಡುತ್ತಾರೆ, ಆಮೇಲೆ ಗಿಡ ನೆಡಲು ಅದೇ ಬೇಕು. ಗುಡ್ಡದ ಕಡೆಯಿಂದ ಬರುವ ನೀರನ್ನು ರಾಶಿಯ ಸುತ್ತ ಕಾಲುವೆ ತೋಡಿ ಆಚೆ ಸಾಗಿಸುತ್ತಾರೆ. ಅಡಿಯಲ್ಲಿ ದಪ್ಪ ಕಲ್ಲು ಹಾಸಿದರೆ ಒಳಗೆ ಇಳಿದ ನೀರೂ ಬಸಿದು ಹೋಗುತ್ತದೆ. ಶಿರಸಿ ಕಡೆ ಅಡಿಕೆ ತೋಟದಲ್ಲಿ ಬಸಿಗಾಲುವೆ ಮಾಡುವುದೂ ನೀರು ನಿಲ್ಲಬಾರದು ಅಂತಲೇ.

ಇನ್ನು ಇಳಿಜಾರು. ನಮ್ಮ ದೇಶದ ಕಲ್ಲಿದ್ದಲು ಗಣಿ ನಿಯಮದ ಪ್ರಕಾರ ರಾಶಿಯ ಮುಖ 37.5 ಡಿಗ್ರಿಗಿಂತ ಕಡಿದಾಗಿರಬಾರದು. 30 ಮೀಟರ್ ಮೀರಿದರೆ ಮೆಟ್ಟಿಲು ಮಾಡಬೇಕು. ಒಟ್ಟು ಇಳಿಜಾರು ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಅಗಲಕ್ಕಿಂತ ಕಡಿದಾಗಬಾರದು. ನೀರು ಅಂಚಿನಿಂದ ಧುಮುಕದಂತೆ ಮೆಟ್ಟಿಲನ್ನು ಒಳಮುಖವಾಗಿ ಇಳಿಜಾರು ಮಾಡುತ್ತಾರೆ. ಹುಲ್ಲು, ಗಿಡ ಮೇಲ್ಮಣ್ಣನ್ನು ಹಿಡಿಯುತ್ತವೆ. ಆಳದಲ್ಲಿ ಆಗುವ ಜಾರುವಿಕೆಯನ್ನು ತಡೆಯಲು ಅವುಗಳಿಂದ ಆಗದು.

ನಿಮ್ಮ ಹುಡುಗನಿಗೆ ಒಂದು ಮಾತು ಹೇಳಿ. ರಾಶಿಯ ತಲೆಯಲ್ಲಿ ಹೊಸ ಬಿರುಕು, ಬುಡದಲ್ಲಿ ಉಬ್ಬು, ಇಲ್ಲವೇ ಒಣಗಿದ್ದ ಕಡೆ ಸುಮ್ನೆ ಕೆಸರು ನೀರು ಒಸರುವುದು ಕಂಡರೆ ಅಲ್ಲಿ ನಿಲ್ಲಬಾರದು. ಮೇಲಧಿಕಾರಿಗಳಿಗೆ ತಿಳಿಸಿ, ಲಾರಿ ನಿಲ್ಲಿಸಿ, ಕೆಳಗಿನ ಜನರನ್ನು ಹೊರಗೆ ಕಳಿಸಬೇಕು. ನಿಮ್ಮ ಮನೆ ಹಿಂದಿನ ಧರೆಯಲ್ಲಿ ಇದೇ ಗುರುತು ಕಂಡರೆ ನೀವೂ ಆ ರಾತ್ರಿ ಅಲ್ಲಿ ಮಲಗಬೇಡಿ.